ನಮ್ಮ ನಾಡನ್ನು ಅರಿಯುವ ಬಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



‘ನಾಡು, ಜನ, ಸಂಸ್ಕೃತಿ’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ಕಡಲಿನಷ್ಟು ವಿಸ್ತಾರವಾದುದು. ನನ್ನ ಕೈಯಲ್ಲಿರುವುದು ಒಂದು ಗಿಂಡಿ. ಆದುದರಿಂದ ನಾನು ಭರತಖಂಡವನ್ನೆಲ್ಲ ಸುತ್ತಲು ಹೊರಡುವುದಿಲ್ಲ. ಹಂಪೆಯ ವೈಭವ, ಬೇಲೂರಿನ ಶಿಲ್ಪ ಇವುಗಳನ್ನು ಕುರಿತು ಇದೇ ವೇದಿಕೆಯಿಂದ ವಿದ್ವಾಂಸರು ಮಾತನಾಡಿದ್ದಾರೆ; ನಾವೂ ಕೇಳಿ ಸಂತೋಷಪಟ್ಟಿದ್ದೇವೆ. ಇಂದು ನಾನು ಚಂದ್ರಗಿರಿ ಹೊಳೆಯ ಎರಡು ದಡಗಳಷ್ಟನ್ನೇ, ಎಂದರೆ ಈ ಕಾಸರಗೋಡು ಜಿಲ್ಲೆಯಷ್ಟನ್ನೇ ಎತ್ತಿಕೊಳ್ಳುತ್ತೇನೆ. ಒಂದು ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಆ ನಾಡು ತಿಳಿದಂತಾಗುವುದೆ? ತಿಳಿಯದಿದ್ದರೆ ಆಗುವ ನಷ್ಟವೇನು? ಈ ಎರಡು ಪ್ರಶ್ನೆಗಳು ಬಹು ದಿನಗಳಿಂದ ನನ್ನ ಮನಸ್ಸಿನಲ್ಲಿವೆ.

ಮೊದಲು, ಹೊರಗಿನಿಂದ ಬಂದ ಒಬ್ಬನ ವಿಚಾರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಗಳಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂಬುದನ್ನು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿದನು. ಆತ 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು ಮಲಬಾರುಗಳನ್ನು ಸುತ್ತಿ, 1801ರ ಜನವರಿಯಲ್ಲಿ ತೆಂಕಣಿಂದ ನಮ್ಮ ಕರಾವಳಿಗೆ ಬಂದನು. ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರ. ನಾವು ಬಸ್ಸಿನಲ್ಲಿ ಹೋಗುವ ದಾರಿಯೇ ಅವನು ಹೋದ ದಾರಿ. ತಂಗಿದ ಊರುಗಳಲ್ಲೆಲ್ಲ ರೈತರನ್ನು ಕರೆಸಿ, ಗದ್ದೆಗೆ ಎಷ್ಟು ಬೀಜ, ಎಷ್ಟು ಫಲ, ಗೇಣಿ ಎಷ್ಟು, ಆಳಿನ ಕೂಲಿ ಎಷ್ಟು ಎಂದು ಕೇಳಿ ಬರೆದುಕೊಂಡನು. 1807ರಲ್ಲಿ ಆ ಬರೆಹಗಳು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದವು. ಕಂದಾಯದ ಲೆಕ್ಕವೇ ಅವನ ಪ್ರಶ್ನೆಗಳ ಹಿಂದೆ ಇತ್ತೆಂಬುದು ನಿಜ. ಆದರೂ ಕೇಳಿದನಲ್ಲ! ಅದು ಮುಖ್ಯ.

ಅವನು ಕೇಳಿ ತಿಳಿದುದರಲ್ಲಿ ಒಂದು ಸಂಗತಿ ಲೋಕಪ್ರಸಿದ್ಧವಾಗಿದೆ. ಮಲಬಾರಿನ ಅಂಗಡಿಪುರದಲ್ಲಿ ಅವನೊಂದು ಕಲ್ಲನ್ನು ಕಂಡನು. ನೆಲದೊಳಗಿರುವಾಗ ಮೆತ್ತಗೆ, ಕೊಡಲಿಯಿಂದ ಕಡಿಯುವಷ್ಟು ಮೃದು. ಹೊರಗೆ ತೆಗೆದು ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿ. ಅಲ್ಲಿನ ಜನ ಇದನ್ನು ಇಟ್ಟಿಗೆಕಲ್ಲು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಬುಕನನ್ನನು ಇಟ್ಟಿಗೆ ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದವನ್ನು ಹಿಡಿದು ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಂದು ಭೂವಿಜ್ಞಾನದ ಪುಸ್ತಕ ಲೋಕದ ಯಾವ ಮೂಲೆಯಲ್ಲಿ ಅಚ್ಚಾದರೂ ಆ ಶಬ್ದ ಅದರಲ್ಲಿದೆ. ನಮ್ಮ ಶಾಲೆಯ ಮಕ್ಕಳೂ ‘ಲ್ಯಾಟರೈಟ್ ಮಣ್ಣು’ ಎಂದು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಆದರೆ ತಮ್ಮ ಮನೆಯ ಗೋಡೆಯ ಮುರಕಲ್ಲೇ ಆ ಲ್ಯಾಟರೈಟು ಎಂದು ಬಲ್ಲ ಮಕ್ಕಳು ತರಗತಿಯಲ್ಲಿ ನಾಲ್ಕೈದು ಮಂದಿ ಮಾತ್ರ. ಮಲಯಾಳದ ಊರಿನ ಕೂಲಿಯಾಳು ಆಡಿದ ಮಾತು ಲ್ಯಾಟಿನ್ನಿಗೆ ಹೋಗಿ, ಇಂಗ್ಲಿಷಿಗೆ ಬಂದು, ಅಲ್ಲಿಂದ ಪಠ್ಯಪುಸ್ತಕಕ್ಕಿಳಿದು ನಮ್ಮ ಮಗುವಿಗೆ ಮುಟ್ಟುವಾಗ, ನಡುವೆ ಕಲ್ಲೇ ಕಳೆದುಹೋಗಿದೆ.

ಈ ಮುರಕಲ್ಲಿನಿಂದಲೇ ನಮ್ಮ ನೀರಿನ ಕಥೆ ಆರಂಭವಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಇಷ್ಟಾದರೂ ಮಾರ್ಚಿ ತಿಂಗಳು ಬಂದಿತೆಂದರೆ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿಗೆ ತತ್ವಾರ. ಗುಡ್ಡ ಕಡಿದಾದುದು, ಕಡಲು ಹತ್ತಿರ. ಬಿದ್ದ ಮಳೆ ನಿಲ್ಲದೆ ಓಡಿಬಿಡುತ್ತದೆ. ಒಳಗೆ ಇಂಗಿದಷ್ಟು ನೀರು ಮುರಕಲ್ಲಿನ ತೂತುಗಳಲ್ಲಿ ಹುದುಗಿ ಮೆಲ್ಲಮೆಲ್ಲನೆ ಇಳಿಯುತ್ತಿರುತ್ತದೆ. ಆ ನೀರನ್ನು ಹಿಡಿಯಲು ಬಾಯಾರು, ಪದ್ರೆ, ಎಣ್ಮಕಜೆಯ ಕಡೆಯ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಬಾವಿಯಂತೆ ಕೆಳಕ್ಕೆ ತೋಡದೆ, ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಕೊರೆದುಕೊಂಡು ಹೋಗುವುದು. ಒಬ್ಬ ಆಳು ನಡೆದುಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಬ್ಬನು ಪಿಕ್ಕಾಸಿನಿಂದ ಕಡಿಯುತ್ತಾನೆ, ಇನ್ನೊಬ್ಬನು ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸುತ್ತಾನೆ. ಒಳಗೆ ಬತ್ತಿಯ ಬೆಳಕು. ಅದು ಮಂಕಾಯಿತೆಂದರೆ ಗಾಳಿ ಸಾಲದೆಂದು ಅರ್ಥ. ಕೆಲಸ ನಿಲ್ಲಿಸಿ ಹೊರಗೆ ಬರಬೇಕು, ಇಲ್ಲವೆ ಮೇಲಿನಿಂದ ಗಾಳಿಗಂಡಿ ಇಳಿಸಬೇಕು. ನೀರಿನ ಒಸರು ಸಿಕ್ಕಿತೆಂದರೆ ಮುಗಿಯಿತು. ಆಮೇಲೆ ಹಗ್ಗ ಬೇಡ, ರಾಟೆ ಬೇಡ, ಪಂಪು ಬೇಡ. ನೀರು ತಾನಾಗಿ ಹರಿದು ಅಂಗಳದ ಕೆರೆಗೆ ಬಂದು ಬೀಳುತ್ತದೆ.

ಎಲ್ಲಿ ಕೊರೆದರೆ ನೀರು ಸಿಕ್ಕೀತು ಎಂಬುದನ್ನು ಅವರು ಹೇಗೆ ಬಲ್ಲವರಾಗಿದ್ದರು? ಮಣ್ಣಿನ ಬಣ್ಣ, ಗುಡ್ಡದ ಇಳಿಜಾರು, ಬೇಸಗೆಯಲ್ಲೂ ಹಸುರಾಗಿ ನಿಲ್ಲುವ ಗಿಡಮರ, ಇವುಗಳನ್ನು ಓದಿ ತಿಳಿಯುತ್ತಿದ್ದರು. ಅಕ್ಷರ ಬಾರದವರೆಂದು ನಾವು ಹೇಳುವ ಎಷ್ಟೋ ಜನ ಈ ಓದಿನಲ್ಲಿ ಪಂಡಿತರು. ಕನ್ನಡ ಮನೆಯ ಗುಡ್ಡದಲ್ಲಿ ಮಲಯಾಳ ಮಾತಿನ ಮೇಸ್ತ್ರಿ, ತುಳು ಮಾತಿನ ಆಳು ಕೂಡಿ ತೋಡಿದ ಸುರಂಗಗಳಿವೆ. ನಾವು ಸುರಂಗ ಎನ್ನುತ್ತೇವೆ, ಅವರು ತುರಂಗ ಎನ್ನುತ್ತಾರೆ; ನೀರು ಒಂದೇ. ಕೊಳವೆ ಬಾವಿಗಳು ಬಂದ ಮೇಲೆ ಹೊಸ ಸುರಂಗ ತೋಡುವವರು ವಿರಳವಾಗಿದ್ದಾರೆ.

ಕಟ್ಟಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಳೆ ನಿಂತ ಮೇಲೆ, ನವೆಂಬರು ದಶಂಬರಗಳಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ ಒಡ್ಡು ಕಟ್ಟಿ ನೀರು ನಿಲ್ಲಿಸುವುದು. ಮುಂಗಾರಿಗೆ ಅದನ್ನು ಬಿಡಿಸುವುದು. ಏತಡ್ಕದ ಕಡೆ ಈ ಕೆಲಸ ಇಂದಿಗೂ ಹೆಸರುವಾಸಿ. ಒಬ್ಬನಿಂದ ಆಗುವ ಕೆಲಸ ಇದಲ್ಲ. ಮೇಲಿನ ತೋಟದವನು ಕೆಳಗಿನವನೊಡನೆ ಮಾತು ಬಿಟ್ಟಿದ್ದರೆ ಕಟ್ಟ ನಿಲ್ಲುವುದಿಲ್ಲ.

ಇನ್ನು, ನಾಡನ್ನು ಅರಿಯದಿದ್ದರೆ ನಷ್ಟವೇನು ಎಂಬ ಪ್ರಶ್ನೆ. ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಊರಿದೆ. ಅದರ ಸುತ್ತಣ ಗುಡ್ಡಗಳ ಮೇಲೆ ಸರಕಾರಿ ಗೇರು ತೋಟಗಳು. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಸಿಂಪಡಿಸುವ ಮೊದಲು ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂದು ಸೂಚನೆ. ಬಾವಿಯ ಬಾಯಿಯನ್ನೇನೋ ಮುಚ್ಚಬಹುದು. ಆದರೆ ಆ ಊರಿನ ಜನ ಕುಡಿಯುತ್ತಿದ್ದುದು ಸುರಂಗದ ನೀರು, ತೋಡಿನ ನೀರು. ಮೇಲೆ ಗೇರು ತೋಟ, ಅದರ ಬುಡದಲ್ಲಿ ಸುರಂಗ, ಸುರಂಗದ ಕೆಳಗೆ ಮನೆ. ಹರಿಯುವ ತೋಡನ್ನು ಯಾವ ಚಾಪೆಯಿಂದ ಮುಚ್ಚುವುದು? ಗುಡ್ಡದ ಹೊಟ್ಟೆಯನ್ನು ಏನು ಹೊದಿಸಿ ಮರೆಮಾಡುವುದು? ಆ ಸೂಚನೆಯನ್ನು ಬರೆದವರು ಸುರಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಾದುದನ್ನು ನಾನು ವಿವರಿಸಿ ತಮ್ಮ ಮನಸ್ಸನ್ನು ನೋಯಿಸಲಾರೆ. ಅಂಗವಿಕಲರಾಗಿ ಹುಟ್ಟಿದ ಮಕ್ಕಳನ್ನು ಎತ್ತಿಕೊಂಡ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಮೊದಲು ಎಚ್ಚರಿಸಿದವರು ಊರಿನವರೇ, ಕರುಗಳು ಸೊಟ್ಟ ಕಾಲಿನಿಂದ ಹುಟ್ಟುವುದನ್ನೂ ಜೇನು ಕಾಣೆಯಾಗುವುದನ್ನೂ ಗಮನಿಸಿದವರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ಔಷಧವನ್ನು ತಡೆಯಿತು.

ಈ ದುಃಖವನ್ನು ಕೇರಳದ ಮನೆಮನೆಗೆ ಮುಟ್ಟಿಸಿದವುಗಳಲ್ಲಿ ಮುಖ್ಯವಾದುದು 2009ರಲ್ಲಿ ಪ್ರಕಟವಾದ ಒಂದು ಮಲಯಾಳ ಕಾದಂಬರಿ. ಅಂಬಿಕಾಸುತನ್ ಮಾಙಾಡ್ ಅವರದು. ಹೆಸರು ‘ಎನ್ಮಕಜೆ’. ಕನ್ನಡ ತುಳು ಮಾತನಾಡುವ ಊರಿನ ನೋವನ್ನು ಮಲಯಾಳದ ಲೇಖಕರು ಬರೆದರು. ಇದನ್ನು ಹೇಳುವಾಗ ನನಗೆ ಇದರ ಜೋಡಿಯೊಂದು ನೆನಪಾಗುತ್ತದೆ. ಜಿಲ್ಲೆಯ ತೆಂಕಣ ತುದಿಯಲ್ಲಿ ಕಯ್ಯೂರು ಎಂಬ ಊರಿದೆ, ಪೂರ್ತಿಯಾಗಿ ಮಲಯಾಳದ ಊರು. ಅಲ್ಲಿ 1941ರಲ್ಲಿ ರೈತರ ಹೋರಾಟ ನಡೆದು, 1943ರ ಮಾರ್ಚಿ 29ರಂದು ನಾಲ್ವರು ತರುಣರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆ ಕಥೆಯನ್ನು ‘ಚಿರಸ್ಮರಣೆ’ ಎಂಬ ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನರು, 1955ರಲ್ಲಿ. ಅವರು ಹುಟ್ಟಿದ್ದು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ. ಓದಿದ್ದು ನೀಲೇಶ್ವರದ ಹೈಸ್ಕೂಲಿನಲ್ಲಿ. ಮಲಯಾಳವನ್ನು ಕಲಿತು, ಆ ಜನರ ನಡುವೆ ಓಡಾಡಿದವರಾದುದರಿಂದ ಅದನ್ನು ಬರೆಯಲು ಸಾಧ್ಯವಾಯಿತು. ಆ ಪುಸ್ತಕ ಮಲಯಾಳಕ್ಕೆ ಅನುವಾದವಾದ ಮೇಲೆ ಅಲ್ಲಿಯೂ ಮನೆಮಾತಾಯಿತು. ಕಯ್ಯೂರಿನ ಕಥೆ ಕನ್ನಡದಿಂದ, ಎಣ್ಮಕಜೆಯ ಕಥೆ ಮಲಯಾಳದಿಂದ! ಚಂದ್ರಗಿರಿಯ ಸೇತುವೆಯನ್ನು ದಾಟಲು ಅಂಜುವವರು ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ನನ್ನ ಸೂಚನೆ. ನಮ್ಮ ಮಕ್ಕಳು ಮಲಯಾಳವನ್ನು ಅರೆಬರೆಯಾಗಿ ಕಲಿಯುವುದು ನನಗೆ ಸಮ್ಮತವಲ್ಲ. ಕಲಿಯುವುದಾದರೆ ನಿರಂಜನರಂತೆ ಕಲಿಯಲಿ. ಇದನ್ನು ಕನ್ನಡ ಪಂಡಿತನ ಬಾಯಲ್ಲಿ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು.

ಮಂಜೇಶ್ವರದಲ್ಲಿ ನೆಲೆಸಿದ್ದ ಗೋವಿಂದ ಪೈಗಳು ಎಷ್ಟೊಂದು ನುಡಿಗಳನ್ನು ಬಲ್ಲವರಾಗಿದ್ದರೆಂಬುದು ತಮಗೆ ತಿಳಿದೇ ಇದೆ. ನಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಮೂರು ನುಡಿಗಳ ದೊಡ್ಡ ಕೋಶಗಳು, ಗುಂಡರ್ಟರ ಮಲಯಾಳ (1872), ಮ್ಯಾನರರ ತುಳು (1886), ಕಿಟ್ಟೆಲರ ಕನ್ನಡ (1894), ಮೂರೂ ಅಚ್ಚಾದುದು ಮಂಗಳೂರಿನಲ್ಲೇ. ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಕೋಲ ನಡೆದರೆ ಹಿಂದುಗಳೂ ಮುಸಲ್ಮಾನರೂ ಬರುತ್ತಾರೆ. ಪಾರ್ತಿಸುಬ್ಬನ ಊರಾದ ಕುಂಬಳೆಗೆ ಸಮೀಪದಲ್ಲೇ ಮಾಪ್ಪಿಳೆ ಹಾಡುಗಳಿಗೆ ಹೆಸರಾದ ಮೊಗ್ರಾಲ್ ಇದೆ. ಇಂಥ ಸೀಮೆಯಲ್ಲಿ ಒಂದೇ ನುಡಿಯನ್ನು ಹಿಡಿದು ‘ಇಷ್ಟೇ ನಮ್ಮ ಸಂಸ್ಕೃತಿ’ ಎಂದರೆ ಅರ್ಧ ನಾಡು ಕೈತಪ್ಪುತ್ತದೆ.

ಹಾಗಾದರೆ ಕನ್ನಡದ ಹಕ್ಕಿನ ಮಾತೇನು ಎಂದು ಕೇಳುವಿರಿ. 1956ರ ನವೆಂಬರು ಒಂದರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಬೇರೆಯಾದುದು, 1967ರ ಮಹಾಜನ ವರದಿ ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದುದು, ಅದು ಕಾರ್ಯರೂಪಕ್ಕೆ ಬಾರದೆ ಉಳಿದುದು, ಇವೆಲ್ಲ ಇಲ್ಲಿ ನೆರೆದವರಿಗೆ ಕಂಠಪಾಠ. 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಹೀಗಿದ್ದೂ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದು, ಮಕ್ಕಳೂ ತಂದೆತಾಯಿಗಳೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಬೇಕಾದುದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. ಅದು ನ್ಯಾಯವಾದ ಕೂಗು. ನಾನೂ ಅದರಲ್ಲಿ ದನಿಗೂಡಿಸಿದ್ದೇನೆ.

ಆದರೆ ಸರಿಯಾದ ಅಧ್ಯಾಪಕರು ಬಂದ ಮೇಲೆ ಮಗು ಕನ್ನಡದಲ್ಲಿ ಏನನ್ನು ಕಲಿಯಬೇಕು? ಸಮಾಜಶಾಸ್ತ್ರ, ವಿಜ್ಞಾನಗಳ ಪಾಠ ನಮಗೆ ಅನುವಾದವಾಗಿ ಬರುತ್ತವೆ. ಅನುವಾದದ ಕನ್ನಡದಲ್ಲಿ ಅಡ್ಕವಿಲ್ಲ, ಮಜಲಿಲ್ಲ, ಪಳ್ಳವಿಲ್ಲ. ವರ್ಷಕ್ಕೆ ಮೂರು ಬೆಳೆ ಕೊಡುವ ಬೈಲು, ಎರಡು ಕೊಡುವ ಮಜಲು, ಮಳೆಯನ್ನೇ ನಂಬಿ ಒಂದೇ ಬೆಳೆಯುವ ಬೆಟ್ಟು, ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಹೆಸರು. ಇವು ಅಜ್ಜನ ನಾಲಗೆಯ ಮೇಲಿವೆ, ಮೊಮ್ಮಗನಿಗೆ ತಿಳಿಯದು. ಗದ್ದೆ ಹೋಗಿ ತೋಟವಾಯಿತು, ತೋಟ ಹೋಗಿ ಮನೆ ನಿವೇಶನವಾಯಿತು, ಹೆಸರು ಯಾರಿಗೆ ಬೇಕು ಎನ್ನಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಬೈಲು ಎಂದರೆ ನೀರು ನಿಲ್ಲುವ ನೆಲವೆಂದು ಬಲ್ಲವನು ಅಲ್ಲಿ ಮನೆಯ ಪಂಚಾಂಗ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾನೆ. ಅಡ್ಕವೆಂದರೆ ಗುಡ್ಡದ ಮೇಲಿನ ಮುರಕಲ್ಲ ಹಾಸು. ಬದಿಯಡ್ಕ, ಏತಡ್ಕಗಳ ಹೆಸರಿನಲ್ಲೇ ನೆಲದ ಗುಣವಿದೆ. ನೀರ್ಚಾಲು ಎಂಬಲ್ಲಿ ನೀರಿನ ದಾರಿಯಿದೆ. ಕಾಟುಕುಕ್ಕೆ ಎಂಬಲ್ಲಿ ತುಳುವಿನ ಕಾಡುಮಾವಿದೆ. ಊರ ಹೆಸರುಗಳನ್ನು ಬದಲಿಸುತ್ತಾರೆಂದು 2021ರಲ್ಲಿ ಪತ್ರಿಕೆಗಳಲ್ಲಿ ಗದ್ದಲವಾಯಿತು. ಅಂಥ ಯೋಜನೆಯಿಲ್ಲವೆಂದು ಕೇರಳ ಸರಕಾರ ಹೇಳಿತು. ಹಲಗೆಯ ಮೇಲಿನ ಹೆಸರಿಗಾಗಿ ನಾವು ತೋರಿದ ಕಾವು ಮೆಚ್ಚತಕ್ಕದ್ದೇ. ಹೆಸರಿನ ಅರ್ಥ ಹೇಳಬಲ್ಲವರು ಮನೆಗೊಬ್ಬರಾದರೂ ಇದ್ದರೆ ಹಲಗೆಯನ್ನು ಬದಲಿಸುವುದು ಯಾರಿಗೂ ಸುಲಭವಲ್ಲ.

ಸಂಘದವರಲ್ಲಿ ನನ್ನ ಬಿನ್ನಹ ಇಷ್ಟು. ಬರುವ ಬೇಸಗೆ ರಜೆಯಲ್ಲಿ ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳಿಗೆ ಒಂದೊಂದು ನೋಟು ಪುಸ್ತಕವನ್ನು ಸಂಘದಿಂದ ಕೊಡಿರಿ. ಪ್ರತಿಯೊಬ್ಬರೂ ತಮ್ಮ ವಾರ್ಡಿನ ಗದ್ದೆ, ತೋಡು, ಗುಡ್ಡ, ಪಳ್ಳ, ಸುರಂಗಗಳ ಹೆಸರನ್ನು ಬರೆದು ತರಲಿ; ಯಾರು ಹೇಳಿದರು, ಯಾವ ನುಡಿಯಲ್ಲಿ ಹೇಳಿದರು ಎಂಬುದನ್ನೂ ಬರೆಯಲಿ. ಕನ್ನಡದ ಮನೆಗಳಿಗೆ ಮಾತ್ರ ಹೋಗಿ ಬರುವುದು ಬೇಡ. ಬೀಡಿನವರ ಮನೆಗೂ ಮಾಪ್ಪಿಳೆಯವರ ಮನೆಗೂ ಹೋಗಲಿ. ಬುಟ್ಟಿ ಹೆಣೆಯುವ ಕೊರಗರನ್ನು ಕಂಡು ಕಾಡಿನ ಬಳ್ಳಿಗಳ ಹೆಸರನ್ನು ಕೇಳಲಿ. ತಾಯಂದಿರು, ಮಗು ಬಿಸಿಲಿನಲ್ಲಿ ಅಲೆಯುತ್ತದೆಂದು ತಡೆಯಬಾರದು. ಶುದ್ಧಪಡಿಸಿ ಅಚ್ಚಿಗೆ ಸಿದ್ಧಗೊಳಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎಂಟು ಪುಟಗಳನ್ನು ಬಿಡಬೇಕೆಂದು ಸಂಪಾದಕರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ. ಸುರಂಗ ತೋಡಿದ ಹಿರಿಯರು ಇಬ್ಬರು ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮಕ್ಕಳು ಅವರಿಂದಲೇ ಆರಂಭಿಸಬಹುದು. ಕಾರ್ಯಕ್ರಮ ಮುಗಿದ ಮೇಲೆ ಅವರಿಗೆ ಕಾಫಿ ತಂದುಕೊಟ್ಟು ಬಳಿಯಲ್ಲಿ ಕುಳಿತುಕೊಳ್ಳಿರಿ.