ಒಂಟಿಕಾಲ ಬಸ್ಕಿ: ನನ್ನ ಎಡಗಾಲು ಕಲಿಸಿದ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ತೋಟದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಒಂದು ಸಣ್ಣ ಪರೀಕ್ಷೆ ಕೊಡ್ತೀನಿ. ಇವತ್ತು ರಾತ್ರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ. ಆಮೇಲೆ ಕೈ ಊರದೆ, ಗೋಡೆ ಹಿಡಿಯದೆ ಎದ್ದು ನೋಡಿ. ನಮ್ಮಜ್ಜಿ ಈಗಲೂ ಹಾಗೇ ಏಳ್ತಾರೆ. ಎರಡು ವರ್ಷದ ಹಿಂದೆ ನನಗೆ ಆಗ್ತಿರಲಿಲ್ಲ.

ಆಗ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಬೈಕಲ್ಲಿ ಹೋಗ್ತಾ ಬಿದ್ದಿದ್ದೆ. ತಪ್ಪು ನಂದೇ, ಮಳೆಯಲ್ಲಿ ಜೋರಾಗಿ ಓಡಿಸಿದ್ದೆ. ಎಡಗಾಲಿನ ಮೂಳೆ ಮುರಿಯಿತು. ವಾರಗಟ್ಟಲೆ ಪ್ಲಾಸ್ಟರ್. ಬಿಚ್ಚಿದ ದಿನ ಎಡತೊಡೆ ನೋಡಿದರೆ ಅದು ನನ್ನದೇ ಅಂತ ಅನ್ನಿಸಲಿಲ್ಲ, ಅಷ್ಟು ಸೊರಗಿತ್ತು. ಮೂಳೆ ಕೂಡಿತು, ನಡೆಯೋಕೆ ಬಂತು, ಎಲ್ಲ ಸರಿಹೋಯ್ತು ಅಂದ್ಕೊಂಡೆ. ಒಂದು ದಿನ ಅಡಿಕೆ ತೋಟದಲ್ಲಿ ಬಸಿಗಾಲುವೆಗೆ ಇಳಿದವನು ಎಡಗಾಲು ಮೇಲಿಟ್ಟು ಹತ್ತೋಕೆ ಹೋದೆ. ಆಗಲಿಲ್ಲ. ಮತ್ತೆ ಪ್ರಯತ್ನಿಸಿದೆ, ಆಗಲಿಲ್ಲ. ಅಪ್ಪ ಏನೂ ಮಾತಾಡದೆ ಕೈ ಚಾಚಿದರು. ಇಪ್ಪತ್ಮೂರು ವರ್ಷದ ಮಗ, ಐವತ್ತೆಂಟು ವರ್ಷದ ಅಪ್ಪನ ಕೈ ಹಿಡಿದು ಕಾಲುವೆಯಿಂದ ಮೇಲೆ ಬಂದ. ಈ ಸಂಚಿಕೆ ಹುಟ್ಟಿದ್ದು ಅಲ್ಲಿ.

ಬಸ್ಕಿ ನಮಗೆ ಹೊಸದಲ್ಲ. ಶಾಲೆಯಲ್ಲಿ ಕಿವಿ ಹಿಡಿದು ಹೊಡೆದಿದ್ದೇವೆ. ಗರಡಿ ಮನೆಗಳಲ್ಲಿ ಆಂಜನೇಯನಿಗೆ ಕೈಮುಗಿದು ಪೈಲ್ವಾನರು ನೂರಾರು ಹೊಡೆಯುತ್ತಿದ್ದರು. ಒಂಟಿಕಾಲೂ ಹೊಸದಲ್ಲ, ಕುಂಟೆಬಿಲ್ಲೆ ಆಡಿದವರಿಗೆಲ್ಲ ಗೊತ್ತು. ಇವೆರಡೂ ಸೇರಿದರೆ ಒಂಟಿಕಾಲ ಬಸ್ಕಿ. ಜಿಮ್‌ನವರು ಪಿಸ್ತೂಲ್ ಸ್ಕ್ವಾಟ್ ಅಂತಾರೆ. ಒಂದು ಕಾಲು ಮುಂದಕ್ಕೆ ನೀಟಾಗಿ ಚಾಚಿ, ಇನ್ನೊಂದರ ಮೇಲೆ ಪೂರ್ತಿ ಕೂತು, ಅದೇ ಕಾಲಲ್ಲಿ ಏಳೋದು.

ಇದು ಯಾಕಿಷ್ಟು ಕಷ್ಟ? ಲೆಕ್ಕ ಸರಳ. ನಿಮ್ಮ ತೂಕ 60 ಕೆಜಿ ಅಂತಿಟ್ಟುಕೊಳ್ಳಿ. ಎರಡು ಕಾಲಲ್ಲಿ ಬಸ್ಕಿ ಹೊಡೆದರೆ ಒಂದೊಂದು ಕಾಲಿಗೆ ಹೆಚ್ಚುಕಮ್ಮಿ 30 ಕೆಜಿ. ಒಂದು ಕಾಲೆತ್ತಿದ ಕೂಡಲೇ ಇನ್ನೊಂದರ ಮೇಲೆ 60. ಭಾರ ಒಂದೇ ಏಟಿಗೆ ಎರಡು ಪಟ್ಟು. ಜಿಮ್‌ನಲ್ಲಿ ನಿನ್ನೆ 30 ಕೆಜಿ ಎತ್ತಿದವನು ಇವತ್ತು 60 ಎತ್ತೋಕೆ ಹೋಗಲ್ಲ. ಆದರೆ ರೀಲ್ಸ್ ನೋಡಿ ನಾವು ಮಾಡೋದು ಅದನ್ನೇ. ಬೀಳ್ತೀವಿ, 'ನನ್ನ ಕೈಲಾಗಲ್ಲ' ಅಂತ ಬಿಡ್ತೀವಿ. ಆಗಲ್ಲ ಅಂತಲ್ಲ, ನಡುವಿನ ಮೆಟ್ಟಿಲು ಹಾರಿಬಿಟ್ಟಿದ್ದೀವಿ ಅಷ್ಟೇ.

ಮೆಟ್ಟಿಲ ಲೆಕ್ಕ ಹೇಳಿಕೊಟ್ಟವರಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ಅಮೆರಿಕದ ಸೇನಾ ವೈದ್ಯರು ಮುಖ್ಯರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ, ಸುಮ್ಮನೆ ವಿಶ್ರಾಂತಿ ಕೊಡೋ ಬದಲು, ಸ್ವಲ್ಪಸ್ವಲ್ಪವೇ ಭಾರ ಏರಿಸುತ್ತಾ ವ್ಯಾಯಾಮ ಮಾಡಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತು ಜಿಮ್‌ನಲ್ಲಿ ಕೇಳೋ 'ಹತ್ತರಂತೆ ಮೂರು ಸೆಟ್' ಬಂದಿದ್ದೂ ಅವರ ಕೆಲಸದಿಂದಲೇ.

ಈಗ ನಾನು ಹತ್ತಿದ ಮೆಟ್ಟಿಲು ಹೇಳ್ತೀನಿ. ಜಿಮ್ ಬೇಡ, ಮನೆಯಲ್ಲಿರೋ ಸಾಮಾನು ಸಾಕು.

ಮೊದಲು ಎರಡೂ ಕಾಲಲ್ಲಿ 20 ಬಸ್ಕಿ. ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಒಳಗೆ ವಾಲಬಾರದು. ಹಿಮ್ಮಡಿ ಏಳ್ತಿದ್ದರೆ ಪಾದದ ಕೀಲು ಬಿಗಿಯಾಗಿದೆ ಅಂತ. ಗೋಡೆಯಿಂದ 10 ಸೆಂಟಿಮೀಟರ್ ದೂರ ಬೆರಳ ತುದಿ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಿ. ತಾಗದಿದ್ದರೆ ಅದನ್ನೇ ದಿನಾ ಅಭ್ಯಾಸ ಮಾಡಿ.

ಎರಡನೆಯದು, ಕುರ್ಚಿ. ಒಂದೇ ಕಾಲಲ್ಲಿ ನಿಧಾನ ಕೂತು, ಅದೇ ಕಾಲಲ್ಲಿ ಏಳೋದು. ಧಪ್ ಅಂತ ಬೀಳೋದಲ್ಲ, ಐದು ಎಣಿಸ್ತಾ ಇಳಿಯಬೇಕು. ಇದು ಐದು ಸಲ ಸಲೀಸಾದರೆ ಕುರ್ಚಿಯಿಂದ ಗಿಡ್ಡ ಸ್ಟೂಲಿಗೆ, ಸ್ಟೂಲಿನಿಂದ ಊಟದ ಮಣೆಗೆ. ಒಮ್ಮೆಗೇ ಇಳಿಯೋಕಾಗದಿದ್ದರೆ ಮಣೆ ಮೇಲೆ ಹಳೇ ಪುಸ್ತಕ ಪೇರಿಸಿ, ವಾರಕ್ಕೊಂದು ತೆಗೀರಿ. ನಾನು ಹತ್ತನೇ ಕ್ಲಾಸಿನ ಗೈಡುಗಳನ್ನ ಮೊದಲ ಸಲ ಸರಿಯಾಗಿ ಬಳಸಿದ್ದು ಆಗಲೇ.

ಮೂರನೆಯದು, ಹಿಡ್ಕೊಂಡು ಕೂರೋದು. ಬಾಗಿಲ ಚೌಕಟ್ಟು ಸಾಕು. ನನಗೆ ಅಡಿಕೆ ಮರ ಸಿಕ್ತು. ಕೈ ಬರೀ ಆಯ ತಪ್ಪದ ಹಾಗೆ ನೋಡ್ಕೊಳ್ಳೋಕೆ, ಮೈ ಎತ್ತೋದು ಕಾಲಿನ ಕೆಲಸ.

ನಾಲ್ಕನೆಯದು, ಇಳಿಯೋದು ಮಾತ್ರ. ಒಂಟಿಕಾಲಲ್ಲಿ ಪೂರ್ತಿ ಇಳಿದು, ಎರಡೂ ಕಾಲಲ್ಲಿ ಏಳೋದು. ಏಳೋದಕ್ಕಿಂತ ಇಳಿಯುವಾಗ ಸ್ನಾಯು ಹೆಚ್ಚು ಭಾರ ತಡೆಯುತ್ತೆ. ಹಾಗಾಗಿ ಶಕ್ತಿ ಮೊದಲು ಬರೋದು ಈ ದಾರಿಯಲ್ಲೇ.

ಕೊನೆಗೆ ಪೂರ್ತಿ ಬಸ್ಕಿ. ಇಲ್ಲೊಂದು ಕಿವಿಮಾತು. ಎರಡು ಕೆಜಿ ಅಕ್ಕಿ ಪೊಟ್ಟಣ ಎದೆಯ ಮುಂದೆ ಕೈ ಚಾಚಿ ಹಿಡೀರಿ. ಭಾರ ಜಾಸ್ತಿಯಾದರೂ ಸುಲಭವಾಗುತ್ತೆ, ಯಾಕಂದ್ರೆ ಹಿಂದಕ್ಕೆ ಬೀಳೋ ಮೈಯನ್ನ ಅದು ಮುಂದಕ್ಕೆ ಎಳೆದು ತೂಗಿಸುತ್ತೆ. ತಕ್ಕಡಿ ಲೆಕ್ಕ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಮೊದಲ ಕೆಲವು ವಾರ ಕಾಲು ದಪ್ಪಗಾಗಲ್ಲ, ಬೇಜಾರಾಗಬೇಡಿ. ಆಗ ಬರೋ ಶಕ್ತಿ ಬಹುಪಾಲು ನರಗಳದ್ದು, ಇರೋ ಸ್ನಾಯುವನ್ನ ಮೆದುಳು ಸರಿಯಾಗಿ ದುಡಿಸೋದು ಕಲೀತಿರುತ್ತೆ. ಸ್ನಾಯು ಬೆಳೆಯೋದು ಆಮೇಲೆ, ಅದಕ್ಕೆ ಊಟ ಬೇಕು. ಐಸಿಎಂಆರ್ 2020ರ ಶಿಫಾರಸಿನ ಪ್ರಕಾರ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕೆಜಿ ಇದ್ದರೆ ಸುಮಾರು 50 ಗ್ರಾಂ. ವ್ಯಾಯಾಮ ಮಾಡೋರಿಗೆ ಸ್ವಲ್ಪ ಹೆಚ್ಚೇ ಬೇಕು. ಮೊಟ್ಟೆ, ಹೆಸರುಕಾಳು, ಶೇಂಗಾ, ಮೊಸರು. ಡಬ್ಬಿ ಪುಡಿಯೇ ಆಗಬೇಕು ಅಂತಿಲ್ಲ.

ಎಚ್ಚರಿಕೆ ಒಂದು. ತೊಡೆ ಉರಿದರೆ ಪರವಾಗಿಲ್ಲ. ಮೊಣಕಾಲ ಕೀಲೊಳಗೆ ಚುಚ್ಚಿದರೆ, ಊದಿಕೊಂಡರೆ ನಿಲ್ಲಿಸಿ, ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಮೂಳೆ ಮುರಿದವರು ಅವರನ್ನ ಕೇಳದೆ ಶುರುಮಾಡಲೇಬೇಡಿ.

ಈಗ ನನ್ನ ಇನ್ನೊಂದು ತಪ್ಪು. ಮೂರು ತಿಂಗಳಿಗೆ ಬಲಗಾಲಲ್ಲಿ ಪೂರ್ತಿ ಬಸ್ಕಿ ಬಂತು. ಶಿಕಾರಿಪುರದ ಹುಚ್ಚರಾಯನ ಕೆರೆ ಏರಿ ಮೇಲೆ ವಿಡಿಯೋ ಮಾಡಿ ಹಾಕಿದೆ. ಲೈಕ್ ಬಂದವು, 'ಬಾಸ್' ಅಂದರು. ಎಡಗಾಲು ಇನ್ನೂ ಸ್ಟೂಲಲ್ಲೇ ಇತ್ತು, ಅದನ್ನ ಯಾರಿಗೂ ತೋರಿಸಲಿಲ್ಲ. ಶಹಬ್ಬಾಸ್ ಸಿಗೋ ಕಾಲಿಗೇ ಮತ್ತೆ ಮತ್ತೆ ಕೆಲಸ ಕೊಟ್ಟೆ. ಕಾಲುವೆ ಹತ್ತೋಕಾಗದ ಕಾಲು ಹಾಗೇ ಉಳೀತು. ಫಿಸಿಯೋ ಹತ್ರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುರಿದಿದ್ದು ಯಾವ ಕಾಲು?"

ಅವರು ಕೊಟ್ಟ ನಿಯಮ ಎರಡು. ಯಾವಾಗಲೂ ಸೋತ ಕಾಲಿಂದಲೇ ಶುರುಮಾಡು. ಅದು ಎಷ್ಟು ಮಾಡುತ್ತೋ ಗಟ್ಟಿ ಕಾಲೂ ಅಷ್ಟೇ ಮಾಡಲಿ, ಒಂದೂ ಹೆಚ್ಚು ಬೇಡ. ಜೊತೆಗೆ ಒಂದು ವಿಷಯ ಹೇಳಿದರು. ಒಂದು ಕಾಲಿಗೋ ಕೈಗೋ ವ್ಯಾಯಾಮ ಮಾಡಿಸಿದರೆ ಸುಮ್ಮನಿದ್ದ ಇನ್ನೊಂದಕ್ಕೂ ಸ್ವಲ್ಪ ಶಕ್ತಿ ಬರುತ್ತಂತೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಷ್ಟು ಹಿಂದೆಯೇ ಇದನ್ನ ಗಮನಿಸಿದ್ದರು. ಆದರೆ ಆ ಸ್ವಲ್ಪವನ್ನೇ ನಂಬಿ ಕೂತರೆ ಕಾಲುವೆ ದಾಟೋಕಾಗಲ್ಲ.

ಅಜ್ಜಿ ಪರೀಕ್ಷೆಗೆ ವಾಪಸ್ ಬರ್ತೀನಿ. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2002 ಜನರನ್ನ ನೆಲದ ಮೇಲೆ ಕೂರಿಸಿ, ಎಬ್ಬಿಸಿ, ಅಂಕ ಕೊಟ್ಟು, ವರ್ಷಗಳ ಕಾಲ ಗಮನಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಕೈ, ಮೊಣಕಾಲು ಊರದೆ ಎದ್ದವರಿಗೆ ಹೋಲಿಸಿದರೆ, ತೀರಾ ಕಡಿಮೆ ಅಂಕದವರಲ್ಲಿ ಸಾವು ಹೆಚ್ಚಿತ್ತು. ಬಸ್ಕಿ ಹೊಡೆದರೆ ಆಯಸ್ಸು ಹೆಚ್ಚುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ಕೂತಲ್ಲಿಂದ ಏಳೋ ಶಕ್ತಿ ಸಣ್ಣ ವಿಷಯ ಅಲ್ಲ ಅನ್ನೋದಂತೂ ಗೊತ್ತಾಗುತ್ತೆ. ಗದ್ದೆಯಲ್ಲಿ ನಾಟಿ ಮಾಡಿ ಅಜ್ಜಿ ಗಳಿಸಿದ್ದನ್ನ ನಾನು ಕುರ್ಚಿ, ಬೈಕು, ಮೊಬೈಲಲ್ಲಿ ಕಳಕೊಂಡಿದ್ದೆ.

ಈಗ ಬಲಗಾಲಲ್ಲಿ ಏಳು ಬರುತ್ತೆ. ಎಡಗಾಲಲ್ಲಿ ನಾಲ್ಕು. ಹಾಗಾಗಿ ನಾನು ದಿನಾ ಹೊಡೆಯೋದು ನಾಲ್ಕು-ನಾಲ್ಕೇ. ಚಂದ್ರಗುತ್ತಿ ಮೆಟ್ಟಿಲು ಹತ್ತಿ ಬಂದೆ, ಮಾರನೇ ದಿನ ಎರಡೂ ತೊಡೆ ಒಂದೇ ಸಮ ನೋಯ್ತಿದ್ದವು. ನೋವಲ್ಲೂ ಖುಷಿಯಾಯ್ತು. ಬಸಿಗಾಲುವೆಯಿಂದ ಈಗ ಎಡಗಾಲಲ್ಲೇ ಮೇಲೆ ಬರ್ತೀನಿ. ಅಪ್ಪ ನೋಡ್ತಾರೆ, ಈಗಲೂ ಏನೂ ಮಾತಾಡಲ್ಲ.

ಇವತ್ತು ನಿಮ್ಮ ಕೆಲಸ ಇಷ್ಟೇ. ಕುರ್ಚಿ ಮೇಲೆ ಒಂದೊಂದೇ ಕಾಲಲ್ಲಿ ಕೂತು ಎದ್ದು ನೋಡಿ. ಯಾವ ಕಾಲು ಸೋಲುತ್ತೋ ಗುರುತಿಟ್ಟುಕೊಳ್ಳಿ. ನಾಳೆ ಅದರಿಂದಲೇ ಶುರು. ವಿಡಿಯೋ ಆಮೇಲೆ ಮಾಡೋಣ. ಮುಂದಿನ ವಾರ ಸಿಗ್ತೀನಿ, ನಮಸ್ಕಾರ.