ಇಬ್ಬರೂ ಕೂಡಿ ಹೋಗುವ ಊರು



ನಮ್ಮಲ್ಲಿ ಕೆಲವರ ಮದುವೆಗಳಲ್ಲಿ ಕಾಶಿಯಾತ್ರೆ ಎಂಬ ಶಾಸ್ತ್ರವಿದೆ. ಮದುಮಗ ಕೊಡೆ ಹಿಡಿದು, ಕೋಲು ಊರಿ, ಕಾಶಿಗೆ ಹೊರಟೇಬಿಡುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ಬಂದು ತಡೆಯುತ್ತಾರೆ. ಒಬ್ಬನೇ ಯಾಕೆ ಹೋಗುತ್ತೀಯಪ್ಪ, ನಮ್ಮ ಹುಡುಗಿಯ ಕೈಹಿಡಿ, ಆಮೇಲೆ ಇಬ್ಬರೂ ಕೂಡಿ ಹೋಗುವಿರಂತೆ ಎಂದು ಒಪ್ಪಿಸಿ ಮಂಟಪಕ್ಕೆ ಕರೆತರುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೊ ತೆಗೆಯುತ್ತಾರೆ, ಶಾಸ್ತ್ರ ಮುಗಿಯುತ್ತದೆ. ಆ ‘ಆಮೇಲೆ’ ಯಾವಾಗ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಇವತ್ತು ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡಬೇಕೆಂದಿದ್ದೇನೆ. ಗಂಡ ಹೆಂಡತಿ ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಒಂದು ಪ್ರಯಾಣ, ಅದರಲ್ಲೂ ಕಡಲಾಚೆಯ ಪ್ರಯಾಣ, ನಮ್ಮ ಮನೆಗಳಲ್ಲಿ ಹೇಗೆ ಮುಂದೆ ಹೋಗುತ್ತಲೇ ಇರುತ್ತದೆ ಎಂಬುದನ್ನು ಸ್ವಲ್ಪ ಯೋಚಿಸೋಣ.

ಅದಕ್ಕೆ ಮೊದಲು, ಹೊರಟೇಬಿಟ್ಟ ಒಂದು ದಂಪತಿಯ ಕಥೆ. ಕೇರಳದ ಕೊಚ್ಚಿಯ ಗಾಂಧಿನಗರದಲ್ಲಿ ಶ್ರೀ ಬಾಲಾಜಿ ಕಾಫಿ ಹೌಸ್ ಎಂಬ ಪುಟ್ಟ ಚಹಾ ಅಂಗಡಿ. ಅದನ್ನು ನಡೆಸುತ್ತಿದ್ದವರು ಕೆ. ಆರ್. ವಿಜಯನ್ ಮತ್ತು ಅವರ ಹೆಂಡತಿ ಮೋಹನಾ. ಇವರ ಹೆಸರನ್ನು ನಿಮ್ಮಲ್ಲಿ ಹಲವರು ಪತ್ರಿಕೆಗಳಲ್ಲಿ ಓದಿರಬಹುದು. ಚಹಾ ಮಾರಿದ ದುಡ್ಡಿನಲ್ಲಿ ದಿನಕ್ಕೆ 300 ರೂಪಾಯಿ ತೆಗೆದಿಟ್ಟು, ಸಾಲದಿದ್ದಾಗ ಬ್ಯಾಂಕಿನಿಂದ ಸಾಲ ತೆಗೆದು, ತಿರುಗಾಡಿ ಬಂದು, ಮತ್ತೆ ಅದೇ ಒಲೆಯ ಮುಂದೆ ನಿಂತು ಆ ಸಾಲ ತೀರಿಸಿ, ಮತ್ತೊಂದು ದೇಶಕ್ಕೆ ಹೊರಡುತ್ತಿದ್ದರು. ಮೊದಲ ವಿದೇಶ ಪ್ರಯಾಣ 2007ರಲ್ಲಿ. ಆಗ ವಿಜಯನ್ ಅವರಿಗೆ ಐವತ್ತೈದು ದಾಟಿತ್ತು. 2019ರಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಇವರಿಬ್ಬರ ವಿಷಯ ತಿಳಿದು ಆಸ್ಟ್ರೇಲಿಯಾ ಪ್ರವಾಸಕ್ಕೆ ನೆರವಾದರು. ಅಷ್ಟು ಬಿಟ್ಟರೆ ದಂಪತಿ ತಿರುಗಾಡಿದ್ದು ಹೆಚ್ಚಾಗಿ ತಾವೇ ದುಡಿದ ದುಡ್ಡಿನಲ್ಲಿ. ಒಟ್ಟು 26 ದೇಶಗಳು. ಕೋವಿಡ್ ಬಾಗಿಲು ಹಾಕಿಸಿದ ಕಾಲ ಕಳೆದು, 2021ರ ಅಕ್ಟೋಬರ್‌ನಲ್ಲಿ ರಷ್ಯಾ ನೋಡಿ ಬಂದರು. ಮರುತಿಂಗಳು, ನವೆಂಬರ್‌ನಲ್ಲಿ, ವಿಜಯನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 71.

ಈ ಕಥೆಯನ್ನು ಹೇಳಿದಾಗಲೆಲ್ಲ ಕೇಳಿದವರಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ತಿರುಗಾಡಲು ಸಾಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? ಅವರ ಆತಂಕ ನನಗೆ ಅರ್ಥವಾಗುತ್ತದೆ. ಬಡ್ಡಿಯ ಕಷ್ಟ ಕಂಡ ತಲೆಮಾರು ನಮ್ಮದು. ಎಲ್ಲರೂ ಸಾಲ ಮಾಡಿ ವಿಮಾನ ಹತ್ತಿ ಎಂದು ನಾನೂ ಹೇಳಲಾರೆ. ಆದರೆ ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳಬೇಕು. ಮಗಳ ಮದುವೆಯ ಛತ್ರಕ್ಕೆ, ಸಾವಿರ ಜನರ ಊಟಕ್ಕೆ ಸಾಲ ತರುವಾಗ ಈ ಗಾದೆ ನಮಗೆ ನೆನಪಾಗುತ್ತದೆಯೇ? ಮನೆಗೆ ಇನ್ನೊಂದು ಅಂತಸ್ತು ಏರಿಸುವಾಗ? ಊರಿನ ಕಣ್ಣಿಗೆ ಕಾಣುವ ಖರ್ಚಿಗೆ ನಾವು ಧಾರಾಳಿಗಳು. ಜೊತೆಯಲ್ಲಿ ಬಾಳಿದ ಜೀವದ ಒಂದು ಆಸೆಗೆ ದುಡ್ಡು ಬಿಚ್ಚಬೇಕಾದಾಗ ಮಾತ್ರ ಮಿತವ್ಯಯದ ಪಾಠ ನೆನಪಾಗುತ್ತದೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ವಿಜಯನ್ ದಂಪತಿಯಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟದ್ದು 26 ಎಂಬ ಸಂಖ್ಯೆ ಅಲ್ಲ. ಅವರು ಜೊತೆಯಾಗಿ ಹೋದರು ಎಂಬುದು. ಚಹಾ ಕಾಸಿ ಲೋಟ ತೊಳೆದ ಶ್ರಮ ಇಬ್ಬರದೂ, ಸಾಲದ ಕಂತೂ ಇಬ್ಬರದೂ. ಹಾಗಿರುವಾಗ ಆಲ್ಪ್ಸ್ ಪರ್ವತದ ಹಿಮ ಒಬ್ಬರದೇ ಆಗುವುದು ಹೇಗೆ?

ನಮ್ಮ ಮನೆಗಳಲ್ಲಿ ಪ್ರಯಾಣ ಮುಂದೆ ಹೋಗುವ ಬಗೆ ಬಹಳ ಸೌಮ್ಯವಾದದ್ದು. ಯಾರೂ ಬೇಡ ಎನ್ನುವುದಿಲ್ಲ. ಹುಡುಗನ ಎಸ್ಸೆಸ್ಸೆಲ್ಸಿ ಆಗಲಿ ಎನ್ನುತ್ತಾರೆ. ಆಮೇಲೆ ಮನೆ ಸಾಲ ತೀರಲಿ. ಅಮ್ಮನ ಕಾಲುನೋವು ಸ್ವಲ್ಪ ಕಡಿಮೆಯಾಗಲಿ. ನಿವೃತ್ತಿಯಾಗಲಿ, ಕೈಗೆ ಒಟ್ಟಿಗೆ ದುಡ್ಡು ಬರುತ್ತದೆ. ಮೊಮ್ಮಗು ಸ್ಕೂಲಿಗೆ ಸೇರಲಿ. ಒಂದೊಂದು ಕಾರಣವೂ ನ್ಯಾಯವಾದದ್ದೇ, ಒಂದನ್ನೂ ಸುಳ್ಳು ಎನ್ನುವಂತಿಲ್ಲ. ಮನೆಯ ಹೆಂಗಸು ಪ್ರತಿ ಸಲವೂ ‘ಅದಕ್ಕೇನಂತೆ, ಆಮೇಲೆ ಹೋದರಾಯಿತು’ ಎನ್ನುತ್ತಾಳೆ. ಆ ಮಾತನ್ನು ನಾವು ಒಪ್ಪಿಗೆ ಎಂದು ತಿಳಿದುಕೊಳ್ಳುತ್ತೇವೆ. ಆಕೆ ನಿಜವಾಗಿ ಒಪ್ಪಿದಳೋ, ಕೇಳಿ ಕೇಳಿ ದಣಿದಳೋ ಎಂದು ವಿಚಾರಿಸುವುದಿಲ್ಲ. ಇಷ್ಟರಲ್ಲಿ ಮಂಡಿಯ ಸವೆತ ಶುರುವಾಗಿರುತ್ತದೆ, ಕಣ್ಣಿನ ಪೊರೆ ಬಂದಿರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೆ ಬಂದು ಕೂತಿರುತ್ತದೆ. ತ್ಯಾಗ ದೊಡ್ಡ ಗುಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರೇ ಸದಾ ಮಾಡುತ್ತ ಬಂದ ತ್ಯಾಗದ ಮೇಲೆ ಇಡೀ ಸಂಸಾರ ನೆಮ್ಮದಿಯಾಗಿ ಕೂತಿದ್ದರೆ ಆ ನೆಮ್ಮದಿಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು.

ನನ್ನ ಹೆಂಡತಿ ಬೇಲೂರಿನ ಕಡೆಯವಳು. ಚೆನ್ನಕೇಶವನ ಗುಡಿಯ ಪ್ರಾಕಾರದಲ್ಲಿ ಆಡಿ ಬೆಳೆದವಳು. ಕಾಂಬೋಡಿಯಾದಲ್ಲಿ ಇಷ್ಟೇ ಹಳೆಯದಾದ ಒಂದು ವಿಷ್ಣುವಿನ ಗುಡಿ ಇದೆಯಂತೆ, ಅದನ್ನೊಮ್ಮೆ ನೋಡಬೇಕು ಎಂಬುದು ಅವಳ ಬಹಳ ದಿನದ ಆಸೆ. ಅವಳು ಹೇಳುತ್ತಿದ್ದುದು ಸರಿಯಾದ ಮಾತು. ವಿಷ್ಣುವರ್ಧನ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದೇ ಶತಮಾನದ ಮೊದಲ ಭಾಗದಲ್ಲಿ, ಇಮ್ಮಡಿ ಸೂರ್ಯವರ್ಮ ಎಂಬ ಖ್ಮೇರ್ ಅರಸ ಅಂಗ್ಕೋರ್ ವಾಟ್ ಕಟ್ಟಿಸತೊಡಗಿದ. ಒಂದೇ ದೇವರಿಗೆ, ಒಂದೇ ಕಾಲದಲ್ಲಿ, ಕಡಲಿನ ಎರಡು ದಡಗಳಲ್ಲಿ ಇಬ್ಬರು ಅರಸರು ಕಲ್ಲು ಕಡೆಸುತ್ತಿದ್ದರು. ಮುಂದೆ ಅಂಗ್ಕೋರ್ ವಾಟ್ ಬೌದ್ಧರ ಪೂಜಾಸ್ಥಳವಾಯಿತು. ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು 1986ರಿಂದ 1993ರವರೆಗೆ ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದರು.

ನನ್ನ ನಿವೃತ್ತಿಯ ನಂತರ ನಾವಿಬ್ಬರೂ ಅಲ್ಲಿಗೆ ಹೋಗಿ ಬಂದೆವು. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಅಲ್ಲಿ ಮೀನಿನ ಸಾರ ಬೀಳದ ಅಡುಗೆ ಹುಡುಕುವುದು ಸ್ವಲ್ಪ ಕಷ್ಟ, ಹಾಗಾಗಿ ಅವೆಲ್ಲ ಒದಗಿ ಬಂದವು. ಗುಡಿ ನೋಡುವ ಟಿಕೆಟ್ಟಿನ ಮೇಲೆ ಅವರು ನಮ್ಮ ಫೋಟೊ ಅಚ್ಚು ಹಾಕಿಕೊಡುತ್ತಾರೆ. ಅವಳು ತನ್ನ ಟಿಕೆಟ್ಟನ್ನು ಈಗಲೂ ಜೋಪಾನವಾಗಿ ಇಟ್ಟಿದ್ದಾಳೆ.

ಅಂಗ್ಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಒಂದು ಗೋಡೆ ಇದೆ. ಸುಮಾರು 49 ಮೀಟರ್ ಉದ್ದದ ಒಂದೇ ಚಿತ್ರ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ, ಮೇಲೆ ಹಾರುವ ಅಪ್ಸರೆಯರು, ಉದ್ದಕ್ಕೂ ವಾಸುಕಿ. ಅವಳು ಆ ಗೋಡೆಯ ಉದ್ದಕ್ಕೂ ನಡೆದು ವಾಸುಕಿಯ ಬಾಲದ ತುದಿಗೆ ಬಂದು ನಿಂತಳು. ಅಲ್ಲಿ ಬಾಲ ಹಿಡಿದು ನಿಂತಿರುವುದು ಕೋತಿಯ ಮುಖದ ಒಂದು ದೊಡ್ಡ ಆಕೃತಿ. ‘ರೀ, ಸಮುದ್ರ ಕಡೆಯುವಾಗ ಹನುಮಂತ ಎಲ್ಲಿದ್ದ?’ ಎಂದು ಕೇಳಿದಳು. ಇತಿಹಾಸದ ಮೇಷ್ಟ್ರಾಗಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅಲ್ಲಿನ ಗೈಡ್‌ನನ್ನು ಕೇಳಿದೆವು. ಹನುಮಂತ ಎನ್ನುವವರೂ ಇದ್ದಾರೆ, ಸುಗ್ರೀವ ಎನ್ನುವವರೂ ಇದ್ದಾರೆ ಎಂದ. ಹೋಟೆಲಿಗೆ ಬಂದ ಮೇಲೂ ಅವಳಿಗೆ ಅದೇ ಯೋಚನೆ. ಕಥೆ ನಮ್ಮೂರಿನಿಂದ ಅಷ್ಟು ದೂರ ಹೋಗುವಾಗ ದಾರಿಯಲ್ಲಿ ಹನುಮಂತನೂ ಸೇರಿಕೊಂಡಿರಬೇಕು, ಕೆಲಸ ಎಂದರೆ ಅವನು ಬಿಡುವವನಲ್ಲ ಎಂದು ತಾನೇ ತೀರ್ಮಾನ ಮಾಡಿದಳು.

ಆ ರಾತ್ರಿ ನಾವು ಬಹಳ ಹೊತ್ತು ಮಾತನಾಡುತ್ತ ಕೂತಿದ್ದೆವು. ಕರೆಂಟ್ ಬಿಲ್ಲಿನ ಮಾತಿಲ್ಲ, ಗ್ಯಾಸಿನ ಮಾತಿಲ್ಲ, ಮಕ್ಕಳ ಚಿಂತೆಯ ಮಾತೂ ಇಲ್ಲ. ಅವಳಿಗೆ ಶಿಲ್ಪದ ಬಗ್ಗೆ ಅಷ್ಟು ಪ್ರಶ್ನೆಗಳಿವೆ ಎಂಬುದು ನಮ್ಮ ಅಡುಗೆಮನೆಯಲ್ಲಿ ತಿಳಿಯುವಂತೆಯೇ ಇರಲಿಲ್ಲ. ಬೆಳಗ್ಗೆ ತಿಂಡಿಗೆ ಏನು ಮಾಡಲಿ ಎಂಬ ಪ್ರಶ್ನೆ ಆಕೆಯ ತಲೆಯಿಂದ ಇಳಿದ ಮೇಲೆ ಅಲ್ಲಿ ಬೇರೆಯ ಪ್ರಶ್ನೆಗಳಿಗೆ ಜಾಗವಾಯಿತು. ಪ್ರಯಾಣದ ದೊಡ್ಡ ಪುಣ್ಯ ಇದೇ ಎಂದು ನನಗೆ ಅನ್ನಿಸುತ್ತದೆ. ಗುಡಿಯನ್ನು ಪುಸ್ತಕದಲ್ಲಿಯೂ ನೋಡಬಹುದು. ಮನೆಯ ಕೆಲಸದ ಹೊರೆ ಇಳಿಸಿ ನಿಂತ ಹೆಂಡತಿಯನ್ನು, ಅಥವಾ ಕಚೇರಿಯ ಚಿಂತೆ ಬಿಟ್ಟು ನಿಂತ ಗಂಡನನ್ನು, ಮನೆಯಲ್ಲೇ ಕುಳಿತು ನೋಡುವುದು ಕಷ್ಟ.

ಎಲ್ಲರಿಗೂ ಕಾಂಬೋಡಿಯಾ ಆಗಬೇಕೆಂದಿಲ್ಲ. ನೇಪಾಳವೂ ಪರದೇಶವೇ. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಇದ್ದರೂ ಹೋಗಬಹುದು. ಪಶುಪತಿನಾಥನನ್ನು ನೋಡಿ, ಹಿಮಾಲಯವನ್ನು ಕಣ್ತುಂಬ ನೋಡಿ ಬರಬಹುದು. ಶ್ರೀಲಂಕಾ ನಮ್ಮ ಪಕ್ಕದಲ್ಲೇ ಇದೆ. ದೂರ ಎಷ್ಟು ಎಂಬುದು ಮುಖ್ಯವಲ್ಲ, ಇಬ್ಬರಲ್ಲಿ ಯಾರ ಆಸೆಯ ಊರು ಎಂಬುದು ಮುಖ್ಯ. ಎಷ್ಟೋ ಮನೆಗಳಲ್ಲಿ ಗಂಡ ಆರಿಸಿದ ಊರಿಗೆ ಹೆಂಡತಿ ಜೊತೆಗೆ ಹೋಗುತ್ತಾಳೆ. ಒಮ್ಮೆಯಾದರೂ ಆಕೆ ಹೇಳಿದ ಊರಿಗೆ ಗಂಡ ಜೊತೆಗೆ ಹೋಗಲಿ.

ಇನ್ನೊಂದು ವಿಷಯ. ಎಷ್ಟೋ ಮನೆಗಳಲ್ಲಿ ಯಜಮಾನರ ಬಳಿ ಪಾಸ್‌ಪೋರ್ಟ್ ಇರುತ್ತದೆ, ಹೆಂಡತಿಯದು ಇರುವುದಿಲ್ಲ. ಕೇಳಿದರೆ, ಅವಳ ಹುಟ್ಟಿದ ದಿನಾಂಕ ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇದೆ, ಇನಿಷಿಯಲ್ ಬಿಡಿಸಿ ಬರೆಯುವುದರಲ್ಲಿ ಗೊಂದಲವಿದೆ ಎನ್ನುತ್ತಾರೆ. ಇವು ಕೂತು ಬಗೆಹರಿಸಬಹುದಾದ ತೊಡಕುಗಳು. ಈಗ ಪಾಸ್‌ಪೋರ್ಟ್ ಮಾಡಿಸಲು ಬೆಂಗಳೂರಿಗೇ ಓಡಬೇಕಾಗಿಲ್ಲ. 2017ರಲ್ಲಿ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಅನೇಕ ಜಿಲ್ಲೆಗಳಲ್ಲಿ ಅಂಥ ಕೇಂದ್ರಗಳಿವೆ. ವಯಸ್ಕರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ. ಹೊರಡುವ ದಿನ ಗೊತ್ತಾಗದಿದ್ದರೂ ಅದನ್ನು ಮಾಡಿಸಿಡಬಹುದು.

ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮ ಹೊರಟು ನಿಂತಾಗ ‘ಈ ವಯಸ್ಸಿನಲ್ಲಿ ಯಾಕೆ?’ ಎನ್ನಬೇಡಿ. ಆ ದಿನಗಳಲ್ಲಿ ಮೊಮ್ಮಕ್ಕಳನ್ನು ನೀವು ನೋಡಿಕೊಳ್ಳಿ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ನೀವು ಇರಿ. ಔಷಧಿ, ವಿಮೆ, ಫೋನಿನ ವ್ಯವಸ್ಥೆ ಮಾಡಿಕೊಟ್ಟು ಕಳಿಸಿ.

ಸ್ನೇಹಿತರೇ, ಇವತ್ತು ತಿಂಡಿಗೆ ಕೂತಾಗ ಮನೆಯವರನ್ನು ಕೇಳಿ, ನಿನಗೆ ನೋಡಬೇಕು ಅನ್ನಿಸಿದ ಊರು ಯಾವುದು ಎಂದು. ‘ನನಗೇನೂ ಇಲ್ಲಪ್ಪ’ ಎಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಕೇಳಿ. ಊರಿನ ಹೆಸರು ಬಾಯಿಗೆ ಬಂದ ದಿನವೇ ಪಾಸ್‌ಪೋರ್ಟಿನ ಅರ್ಜಿ ತುಂಬಿ.