ತಾನಾಗಿ ತಿರುಗುವ ಚಕ್ರ



ಒಮ್ಮೆ ತಳ್ಳಿಬಿಟ್ಟರೆ ಎಂದೆಂದೂ ನಿಲ್ಲದ ಚಕ್ರ ಮಾಡಬಹುದೇ? ಈ ಹಂಬಲ ಬಹಳ ಹಳೆಯದು. 628ರಲ್ಲಿ ಬ್ರಹ್ಮಗುಪ್ತ ಇಂಥದ್ದೊಂದನ್ನು ಬಣ್ಣಿಸಿದ್ದ. 1150ರಲ್ಲಿ ಭಾಸ್ಕರಾಚಾರ್ಯ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅದನ್ನು ವಿವರವಾಗಿ ಬರೆದ. ತನ್ನೂರು ವಿಜ್ಜಡವಿಡ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ್ದು ಎನ್ನುವವರೂ ಇದ್ದಾರೆ.

ಭಾಸ್ಕರಾಚಾರ್ಯ ಬಣ್ಣಿಸಿದ್ದು ಹಗುರ ಕಟ್ಟಿಗೆಯ ಚಕ್ರ. ಅರಗಳು ಒಳಗೆ ಪೊಳ್ಳು, ಎಲ್ಲವೂ ಒಂದೇ ಕಡೆ ತುಸು ಬಾಗಿದವು. ಅರ್ಧ ಪಾದರಸ ತುಂಬಿ, ಬಾಯಿ ಮುಚ್ಚಿ, ಅಚ್ಚನ್ನು ಎರಡು ಕಂಬಗಳ ಮೇಲಿಟ್ಟರೆ ತಾನೇ ತಿರುಗುತ್ತದೆ ಎಂದ. ಇಳಿಯುವ ಕಡೆ ರಸ ಅಂಚಿಗೆ ಜಾರಿ ಚಕ್ರವನ್ನು ಎಳೆಯುತ್ತದೆ, ನಿಜ. ಏರುವ ಕಡೆ ರಸ ನಡುವಿಗೆ ಹತ್ತಿರವಿದ್ದರೂ ಅದರ ಪಾಲು ಹೆಚ್ಚು. ಎರಡೂ ಸರಿತೂಗಿ ಚಕ್ರ ನಿಲ್ಲುತ್ತದೆ.

ಯುರೋಪಿನವರೂ ಶತಮಾನಗಟ್ಟಲೆ ಹೆಣಗಿದರು. ಇಂಥ ಯಂತ್ರಗಳನ್ನು ಇನ್ನು ಪರಿಶೀಲಿಸುವುದೇ ಇಲ್ಲವೆಂದು 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ತೀರ್ಮಾನಿಸಿತು.

ಸರಿತೂಗಿದ ಚಕ್ರವನ್ನು ಕೈಯಿಂದ ತಳ್ಳಿದರೂ ಅದೇಕೆ ನಿಲ್ಲುತ್ತದೆ? ಕೀಲೆಣ್ಣೆ ಹಚ್ಚದೆ ಬಂಡಿ ಹೊಡೆದವರಿಗೆ ಗೊತ್ತು: ಅಚ್ಚು ಕಿರುಗುಟ್ಟುತ್ತದೆ, ಮುಟ್ಟಿದರೆ ಬಿಸಿ. ಎತ್ತಿನ ದುಡಿಮೆಯ ಒಂದು ಪಾಲು ಅಲ್ಲಿ ಶಾಖವಾಗಿ ಹೋಯಿತು. ರಮ್‌ಫರ್ಡ್ ಎಂಬ ವಿಜ್ಞಾನಿ ಮ್ಯೂನಿಕ್ ನಗರದಲ್ಲಿ ಫಿರಂಗಿಯ ಲೋಹವನ್ನು ನೀರಿನಲ್ಲಿ ಮುಳುಗಿಸಿ, ಕುದುರೆ ಕಟ್ಟಿ, ಮೊಂಡು ಬೈರಿಗೆಯಿಂದ ಕೊರೆಸಿದ. ಎರಡೂವರೆ ತಾಸಿಗೆ ನೀರು ಕುದಿಯಿತು, ಬೆಂಕಿಯೇ ಇಲ್ಲದೆ! ಅದನ್ನವನು ಪ್ರಕಟಿಸಿದ್ದು 1798ರಲ್ಲಿ. 1840ರ ದಶಕದಲ್ಲಿ ಜೌಲ್ ಎಂಬ ವಿಜ್ಞಾನಿ, ಎಷ್ಟು ದುಡಿಮೆಗೆ ಎಷ್ಟು ಶಾಖ ಎಂದು ಲೆಕ್ಕ ಕಟ್ಟಿದ. ಅವನ ಹೆಸರಿನದೇ ಆದ ಇಂದಿನ ಅಳತೆಯಲ್ಲಿ, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.18 ಜೌಲ್ ದುಡಿಮೆ ಬೇಕು. ಶಾಖವಾಗಿ ಚದುರಿದ್ದನ್ನು ಪೂರ್ತಿ ಮತ್ತೆ ದುಡಿಮೆಗೆ ಹಚ್ಚಲಾಗದು ಎಂಬ ತಿಳಿವು, 1824ರಲ್ಲಿ ಫ್ರಾನ್ಸಿನ ಕಾರ್ನೋ ಬರೆದುದರಿಂದ ಮೊಳೆತು, ಬಳಿಕ ನಿಯಮವಾಯಿತು.

ಹಾಗಾಗಿ ಹೊರಗಿನ ಶಕ್ತಿಯಿಲ್ಲದೆ ದುಡಿಯುವ ಚಕ್ರವಿಲ್ಲ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಜಲವಿದ್ಯುದಾಗಾರದ ಚಕ್ರಗಳನ್ನೂ ತಿರುಗಿಸುವುದು ಬಿಸಿಲೇ; ಕಡಲ ನೀರನ್ನು ಮೋಡವಾಗಿಸಿ ಮಲೆನಾಡಿಗೆ ಎತ್ತಿದ್ದು ಅದು.

ಆದರೂ ಪೋಲಾಗುವ ಶಾಖದ ಒಂದು ಪಾಲನ್ನು ಮತ್ತೆ ದುಡಿಸಬಹುದು. ಅದೇ ಜಿಲ್ಲೆಯ ನಮ್ಮ ಗಿಣಿಗೇರಾ, ಉಕ್ಕಿನ ಕಾರ್ಖಾನೆಗಳ ಊರು. ಊದುಕುಲುಮೆಯಿಂದ ಹರಿದುಬರುವ ಕಬ್ಬಿಣದ ಬಿಸಿ ಸುಮಾರು 1,500 ಡಿಗ್ರಿ. 1828ರಲ್ಲಿ ಗ್ಲಾಸ್ಗೋದ ನೀಲ್ಸನ್, ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸಿ ಬಹಳಷ್ಟು ಕಲ್ಲಿದ್ದಲು ಉಳಿಸಿದ. ಮುಂದೆ ಕುಲುಮೆಯ ನೆತ್ತಿಯಿಂದ ಹೊರಡುವ ಅನಿಲವನ್ನೇ ಉರಿಸಿ ಆ ಗಾಳಿಯನ್ನು ಕಾಯಿಸುವುದು ರೂಢಿಯಾಯಿತು. ಪಾದರಸದ ಚಕ್ರಕ್ಕಿಂತ ಇದೇ ದೊಡ್ಡ ಜಾಣ್ಮೆ ಎಂಬುದು ನನ್ನ ಎಣಿಕೆ. ಆದರೂ ಕರಗಿದ ಕಿಟ್ಟಕ್ಕೆ ನೀರು ಹೊಡೆದು ತಣಿಸುವಾಗ ಆವಿಯಾಗಿ ಹಾರುವ ಶಾಖವನ್ನು ಹಿಡಿದು ದುಡಿಸುವುದು ಲೋಕದಲ್ಲಿನ್ನೂ ರೂಢಿಗೆ ಬಂದಿಲ್ಲ. ಈ ಸೀಮೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅತ್ತ ಮನಸ್ಸು ಕೊಡಲಿ ಎಂಬುದು ನನ್ನ ಆಸೆ.